ಉಪಗ್ರಹದ ನಕ್ಷೆ ಕೆಂಪಗಿದ್ದರೆ ಉಸಿರಾಡುವ ಗಾಳಿ ಕೆಟ್ಟಿದೆ ಅಂತಾನಾ?

ಪ್ರಶ್ನೆ: ಗಾಳಿಯಲ್ಲಿರುವ ದೂಳು, ಹೊಗೆಯನ್ನು ಉಪಗ್ರಹಗಳು ಅಳೆಯುತ್ತವಂತೆ. ಅಷ್ಟು ಮೇಲಿಂದ ಅದು ಹೇಗೆ ಸಾಧ್ಯ? ನಕ್ಷೆಯಲ್ಲಿ ನಾವಿರುವ ಜಾಗ ಕೆಂಪಗಿದ್ದರೆ ನಾವು ಉಸಿರಾಡುವ ಗಾಳಿ ಕೆಟ್ಟಿದೆ ಅಂತಾನಾ?

ಉತ್ತರ: ಕೆಟ್ಟಿರಬಹುದು. ಆದರೆ ಬರೀ ನಕ್ಷೆ ನೋಡಿ ಹಾಗೆ ಹೇಳಲು ಬರುವುದಿಲ್ಲ. ಉಪಗ್ರಹ ಕಣಗಳನ್ನು ಎಣಿಸುವುದಿಲ್ಲ, ತೂಗುವುದೂ ಇಲ್ಲ. ಅದು ನೋಡುವುದು ಬೆಳಕನ್ನು.

ನಾಸಾದ ಟೆರಾ ಉಪಗ್ರಹವನ್ನೇ ತೆಗೆದುಕೊಳ್ಳಿ. 1999ರ ಡಿಸೆಂಬರ್‌ನಲ್ಲಿ ಹಾರಿದ್ದು. ಅದರಲ್ಲಿರುವ ಮೋಡಿಸ್ ಉಪಕರಣ ಸುಮಾರು 700 ಕಿ.ಮೀ. ಎತ್ತರದಿಂದ ಕೆಳಗೆ ನೋಡುತ್ತದೆ. ನೆಲಕ್ಕೆ ಬಿದ್ದು ವಾಪಸ್ ಬಂದ ಬಿಸಿಲು, ಕಣಗಳು ಚದುರಿಸಿದ ಬಿಸಿಲು, ಎರಡೂ ಬೆರೆತೇ ಅದಕ್ಕೆ ಸಿಗುತ್ತವೆ. ಇವನ್ನು ಬೇರ್ಪಡಿಸುವುದೇ ನಿಜವಾದ ಕಷ್ಟ.

ಕಾಡಿನ ಮೇಲೆ ಇದಕ್ಕೊಂದು ಚಂದದ ಉಪಾಯ ಇದೆ. 2.1 ಮೈಕ್ರೊಮೀಟರ್ ಅಲೆಯುದ್ದದ ಅವಕೆಂಪು ಬೆಳಕನ್ನು ಹೊಗೆಯ ಸಣ್ಣ ಕಣಗಳು ಅಷ್ಟಾಗಿ ತಡೆಯುವುದಿಲ್ಲ. ಹಾಗಾಗಿ ಆ ಬೆಳಕಿನಲ್ಲಿ ನೆಲ ಹೆಚ್ಚುಕಮ್ಮಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಹಸಿರು ನೆಲ ಇಷ್ಟು ಹೊಳೆದರೆ ಕೆಂಪು, ನೀಲಿ ಬೆಳಕಿನಲ್ಲಿ ಎಷ್ಟು ಹೊಳೆಯಬೇಕು ಅನ್ನುವ ಅಂದಾಜು ವಿಜ್ಞಾನಿಗಳಿಗೆ ಮೊದಲೇ ಇದೆ. ಅದಕ್ಕಿಂತ ಜಾಸ್ತಿ ಹೊಳೆದರೆ ಆ ಹೆಚ್ಚುವರಿ ಬೆಳಕು ಗಾಳಿಯದ್ದು. ಅದರಲ್ಲಿ ಗಾಳಿಯ ಅಣುಗಳೇ ಚದುರಿಸಿದ ಪಾಲನ್ನು ಕಳೆದರೆ ಉಳಿದದ್ದು ಕಣಗಳ ಲೆಕ್ಕ. ಮರಳುಗಾಡು ಕಣ್ಣು ಕೋರೈಸುವಷ್ಟು ಹೊಳೆಯುವುದರಿಂದ ಅಲ್ಲಿ ಈ ಉಪಾಯ ನಡೆಯುವುದಿಲ್ಲ. ನೀಲಿ ಬೆಳಕಿನಲ್ಲಿ ಮರಳು ಕಪ್ಪಗೆ ಕಾಣುವುದರಿಂದ ಅಲ್ಲಿ ಅದನ್ನೇ ನೆಚ್ಚಿಕೊಳ್ಳುತ್ತಾರೆ. ಮೋಡ ಕವಿದರೆ ಯಾವ ಉಪಾಯವೂ ಇಲ್ಲ.

ಹೀಗೆ ಸಿಗುವ ಸಂಖ್ಯೆಯೇ ಏರೋಸಾಲ್ ಆಪ್ಟಿಕಲ್ ಡೆಪ್ತ್, ಚಿಕ್ಕದಾಗಿ ಎಒಡಿ. 0.1 ಅಂದರೆ ಆಕಾಶ ತಿಳಿಯಾಗಿದೆ. 1 ಅಂದರೆ ಸೂರ್ಯ ನೆತ್ತಿಯ ಮೇಲಿದ್ದರೂ ನೇರ ಬಿಸಿಲಿನಲ್ಲಿ ಶೇ 37ರಷ್ಟು ಮಾತ್ರ ಕಣಗಳಿಗೆ ಸಿಗದೆ ಪಾರಾಗುತ್ತದೆ.

ಆದರೆ ಇದು ನೆಲದಿಂದ ವಾಯುಮಂಡಲದ ತುದಿವರೆಗಿನ ಒಟ್ಟು ಮೊತ್ತ, ನೆನಪಿರಲಿ. ದೂರದ ಕಾಳ್ಗಿಚ್ಚಿನ ಹೊಗೆ 4 ಕಿ.ಮೀ. ಎತ್ತರದಲ್ಲಿ ತೇಲುತ್ತಿದ್ದರೂ ನಕ್ಷೆ ಕೆಂಪಾಗುತ್ತದೆ. ಕೆಳಗಿನ ಗಾಳಿ ಚೆನ್ನಾಗಿಯೇ ಇರಬಹುದು, ಅಲ್ವಾ? ತೇವವೂ ಲೆಕ್ಕ ತಪ್ಪಿಸುತ್ತದೆ. ಕಣಗಳು ನೀರು ಹೀರಿ ಉಬ್ಬಿದರೆ ಬೆಳಕನ್ನು ಇನ್ನೂ ಜಾಸ್ತಿ ಚದುರಿಸುತ್ತವೆ. ಕಣ ಅಷ್ಟೇ ಇದ್ದರೂ ಎಒಡಿ ಏರುತ್ತದೆ. ಹೊಗೆ ಯಾವ ಎತ್ತರದಲ್ಲಿದೆ ಅಂತ ತಿಳಿಯಲು ಲೇಸರ್ ನೆರವಾಗುತ್ತದೆ. 2006ರಿಂದ 2023ರವರೆಗೆ ಕ್ಯಾಲಿಪ್ಸೊ ಉಪಗ್ರಹ ಆ ಕೆಲಸ ಮಾಡಿತು.

ಇವತ್ತು ಹೊರಗೆ ಓಡಾಡಬಹುದೇ ಅಂತ ತಿಳಿಯಬೇಕಾದರೆ ಹತ್ತಿರದ ನೆಲಮಟ್ಟದ ಮಾಪಕದ ಪಿಎಂ 2.5, ಅಂದರೆ ಗಾಳಿಯಲ್ಲಿ 2.5 ಮೈಕ್ರೊಮೀಟರ್ ಮತ್ತು ಅದಕ್ಕಿಂತ ಸಣ್ಣ ಕಣಗಳ ಪ್ರಮಾಣ, ನೋಡಿ. ಮಾಪಕವೇ ಇಲ್ಲದ ಕಡೆ ಒಂದು ದಿನದ ನಕ್ಷೆಗಿಂತ ತಿಂಗಳ ಸರಾಸರಿಯನ್ನು ನಂಬುವುದು ವಾಸಿ. ಟೆರಾ ಒಂದು ಜಾಗದ ಮೇಲೆ ಹಗಲಲ್ಲಿ ಸಾಮಾನ್ಯವಾಗಿ ಒಂದೇ ಸಲ, ಅದೂ ಬೆಳಿಗ್ಗೆ ಹಾದುಹೋಗುತ್ತದೆ. ಸಂಜೆ ಎದ್ದ ಹೊಗೆ ಅದರ ಲೆಕ್ಕಕ್ಕೆ ಬರುವುದೇ ಇಲ್ಲ.