ಟ್ರಾವಿಸ್‌ನಿಂದ ಗಿಟ್‌ಹಬ್ ಆ್ಯಕ್ಷನ್ಸ್‌ಗೆ: ಕಡತದಲ್ಲಿ ಬರೆಯದೆ ಉಳಿದ ಸಂಗತಿಗಳು

ಕೋಡ್ ಬದಲಾದಾಗಲೆಲ್ಲ ಅದನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ಸಿಐ ವ್ಯವಸ್ಥೆಯನ್ನು ಬದಲಿಸುವುದು ಹೇಗೆಂದು ಕಲಿಯಲು ಟ್ರಾವಿಸ್ ಸಿಐ ಒಳ್ಳೆಯ ಪಾಠ. 2011ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಈ ಸೇವೆ ಓಪನ್ ಸೋರ್ಸ್ ಯೋಜನೆಗಳಿಗೆ ಉಚಿತವಾಗಿತ್ತು. 2019ರ ಜನವರಿಯಲ್ಲಿ ಐಡೆರಾ ಕಂಪನಿ ಅದನ್ನು ಕೊಂಡಿತು. ಅದೇ ವರ್ಷ ನವೆಂಬರ್‌ನಲ್ಲಿ, ಕೋಡ್ ಇಡುವ ತಾಣ ಗಿಟ್‌ಹಬ್‌ನದೇ ಸಿಐ ಸೇವೆಯಾದ ಗಿಟ್‌ಹಬ್ ಆ್ಯಕ್ಷನ್ಸ್ ಎಲ್ಲರ ಬಳಕೆಗೂ ಸಿಕ್ಕಿತು. 2020ರ ನವೆಂಬರ್‌ನಲ್ಲಿ ಟ್ರಾವಿಸ್ ಬಳಕೆಗೆ ತಕ್ಕಂತೆ ಕ್ರೆಡಿಟ್ ಕಳೆಯುವ ಲೆಕ್ಕ ತಂದಿತು, 2021ರ ಜೂನ್‌ನಲ್ಲಿ ಓಪನ್ ಸೋರ್ಸ್ ಯೋಜನೆಗಳ ಹಳೆಯ ತಾಣವನ್ನೇ ಮುಚ್ಚಿತು. ಉಳಿದವರು ಗಂಟುಮೂಟೆ ಕಟ್ಟಲೇಬೇಕಾಯಿತು.

ಸಿಐಗೆ ಏನು ಮಾಡಬೇಕೆಂದು ಹೇಳುವ ಒಂದು ಯಾಮಲ್ (YAML) ಕಡತವನ್ನು ಇನ್ನೊಂದು ಯಾಮಲ್ ಕಡತವಾಗಿ ತಿದ್ದಿ ಬರೆದರೆ ಕೆಲಸ ಮುಗಿಯಿತು ಎಂದು ಹಲವರು ಭಾವಿಸುತ್ತಾರೆ. ಬರೆದದ್ದನ್ನು ಸಾಗಿಸುವುದು ಸುಲಭವೇ. ಹಳೆಯ ವ್ಯವಸ್ಥೆ ಯಾರೂ ಹೇಳದೆ ತಾನಾಗಿ ಮಾಡುತ್ತಿದ್ದ ಕೆಲಸಗಳೇ ಕಾಡುವುದು. ಟ್ರಾವಿಸ್‌ನಲ್ಲಿ ಭಾಷೆ ಪೈಥಾನ್ ಎಂದು ಒಂದು ಸಾಲು ಬರೆದರೆ ಸಾಕು, ಅದು ಕೋಡ್ ಇಳಿಸಿಕೊಂಡು, ವರ್ಚುವಲ್ ಎನ್ವಿರಾನ್ಮೆಂಟ್ (ಯೋಜನೆಗೆಂದೇ ಪ್ರತ್ಯೇಕ ಪೈಥಾನ್ ಆವರಣ) ಸಿದ್ಧಪಡಿಸಿ, ರಿಕ್ವೈರ್ಮೆಂಟ್ಸ್ ಕಡತದಲ್ಲಿದ್ದ ಪ್ಯಾಕೇಜ್‌ಗಳನ್ನೂ ಹಾಕಿಬಿಡುತ್ತಿತ್ತು. ಆ್ಯಕ್ಷನ್ಸ್‌ನಲ್ಲಿ ಕೋಡ್ ಇಳಿಸಿಕೊಳ್ಳುವುದಕ್ಕೂ ‘ಚೆಕ್ಔಟ್’ ಎಂಬ ಹೆಜ್ಜೆಯನ್ನು ನಾವೇ ಬರೆಯಬೇಕು. ಬರೆಯದಿದ್ದರೆ ಖಾಲಿ ಫೋಲ್ಡರ್‌ನಲ್ಲಿ ಆದೇಶಗಳು ಓಡುತ್ತವೆ. ಇದು ಕಣ್ಣಿಗೆ ಬೀಳುವ ದೋಷ, ಆದ್ದರಿಂದ ಅಷ್ಟು ಭಯವಿಲ್ಲ.

ಕಣ್ಣಿಗೆ ಬೀಳದ ದೋಷವೊಂದನ್ನು ಬಿಡಿಸಿ ನೋಡೋಣ. ಟ್ರಾವಿಸ್ ರೆಪೊವನ್ನು (ಯೋಜನೆಯ ಕೋಡ್ ಭಂಡಾರವನ್ನು) ಇಳಿಸಿಕೊಳ್ಳುವಾಗ ತಾನಾಗಿಯೇ ಕೊನೆಯ 50 ಕಮಿಟ್‌ಗಳ, ಅಂದರೆ ದಾಖಲಾದ ಬದಲಾವಣೆಗಳ, ಇತಿಹಾಸ ತರುತ್ತಿತ್ತು. ಚೆಕ್ಔಟ್ ಹೆಜ್ಜೆ ತರುವುದು ಒಂದೇ ಒಂದು ಕಮಿಟ್. ಟೆಸ್ಟ್‌ಗಳಿಗೆ ಇದರಿಂದ ಏನೂ ಆಗದು. ಆದರೆ ಗಿಟ್ ಟ್ಯಾಗ್ (ಒಂದು ಕಮಿಟ್‌ಗೆ ಅಂಟಿಸಿದ ಆವೃತ್ತಿಯ ಹೆಸರು) ನೋಡಿ ಆವೃತ್ತಿ ಸಂಖ್ಯೆ ನಿರ್ಧರಿಸುವ ಸೆಟಪ್‌ಟೂಲ್ಸ್ ಎಸ್‌ಸಿಎಂನಂಥ ಸಲಕರಣೆ ಬಳಸುತ್ತಿದ್ದರೆ, ಟ್ಯಾಗ್ ಸಿಗದೆ ಅದು 2.4ರ ನಂತರದ ಪ್ಯಾಕೇಜ್‌ಗೆ 0.1ರಿಂದ ಶುರುವಾಗುವ ಹೆಸರು ಕೊಟ್ಟೀತು. ಬಿಲ್ಡ್ (ಸಿಐನ ಒಂದು ಓಟ) ಹಸಿರು, ಅಂದರೆ ಗೆದ್ದಿದೆ; ಪ್ಯಾಕೇಜ್ ತಪ್ಪು. ಪರಿಹಾರ ಒಂದೇ ಸಾಲು: ಚೆಕ್ಔಟ್ ಹೆಜ್ಜೆಯಲ್ಲಿ ‘ಫೆಚ್-ಡೆಪ್ತ್’ ಮೌಲ್ಯವನ್ನು 0 ಮಾಡಿದರೆ ಪೂರ್ತಿ ಇತಿಹಾಸ, ಟ್ಯಾಗ್ ಸಮೇತ ಬರುತ್ತದೆ. ಬಿಲ್ಡ್ ಸಂಖ್ಯೆಯನ್ನು ಆವೃತ್ತಿಗೆ ಅಂಟಿಸುವವರೂ ಎಚ್ಚರದಿಂದಿರಬೇಕು. ಹೊಸ ಕಡೆ ಎಣಿಕೆ ಮತ್ತೆ 1ರಿಂದ ಶುರುವಾಗುತ್ತದೆ.

ಸೋಲನ್ನು ಎರಡೂ ನೋಡುವ ರೀತಿ ಬೇರೆ. ಟ್ರಾವಿಸ್‌ನ ‘ಸ್ಕ್ರಿಪ್ಟ್’ ಭಾಗದಲ್ಲಿ ಮೊದಲ ಆದೇಶ ಸೋತರೂ ಉಳಿದವು ಓಡುತ್ತಿದ್ದವು, ಕೊನೆಗೆ ಬಿಲ್ಡ್ ಕೆಂಪಾಗುತ್ತಿತ್ತು. ಹೀಗಾಗಿ ಲಿಂಟ್ (ಕೋಡ್ ಬರೆದ ರೀತಿಯ ತಪಾಸಣೆ) ದೋಷವೂ ಟೆಸ್ಟ್ ದೋಷವೂ ಒಂದೇ ಸಲ ಕಾಣುತ್ತಿದ್ದವು. ಆ್ಯಕ್ಷನ್ಸ್ ಮೊದಲ ಸೋಲಿಗೇ ಅಲ್ಲೇ ನಿಲ್ಲುತ್ತದೆ. ಒಂದೇ ಟೆಸ್ಟ್‌ಗಳನ್ನು ಹಲವು ಆವೃತ್ತಿಗಳಲ್ಲಿ ಓಡಿಸುವ ಮ್ಯಾಟ್ರಿಕ್ಸ್‌ನಲ್ಲೂ ಅಷ್ಟೇ: ಪೈಥಾನ್‌ನ ಒಂದು ಆವೃತ್ತಿಯಲ್ಲಿ ಸೋತರೆ ಉಳಿದ ಆವೃತ್ತಿಗಳ ಓಟವನ್ನೂ ರದ್ದು ಮಾಡುತ್ತದೆ. ಸ್ಥಳಾಂತರದ ದಿನಗಳಲ್ಲಿ ಹೀಗೆ ರದ್ದು ಮಾಡುವ ‘ಫೇಲ್-ಫಾಸ್ಟ್’ ಅನ್ನು ಆಫ್ ಮಾಡಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಏನೇನು ಮುರಿದಿದೆ ಎಂಬ ಪೂರ್ತಿ ಪಟ್ಟಿ ಆಗ ಬೇಕೇ ಬೇಕು.

ಕೆಲವು ದಿನ ಹಳೆಯ, ಹೊಸ ಎರಡೂ ಸಿಐಗಳನ್ನು ಜೊತೆಯಲ್ಲಿ ಓಡಿಸಿ. ಆಗ ಹಸಿರು ಗುರುತನ್ನು ಹೋಲಿಸಿದರೆ ಸಾಲದು, ಎರಡೂ ಕಡೆಯ ಲಾಗ್ ತೆರೆದು ಎಷ್ಟು ಟೆಸ್ಟ್ ಓಡಿವೆ, ಎಷ್ಟನ್ನು ಬಿಟ್ಟಿವೆ ಎಂಬ ಸಂಖ್ಯೆಗಳನ್ನು ಹೋಲಿಸಬೇಕು. ಡೇಟಾಬೇಸ್ ಸಿಗದಿದ್ದರೆ ತಾವಾಗಿಯೇ ಪಕ್ಕಕ್ಕೆ ಸರಿಯುವ ಟೆಸ್ಟ್‌ಗಳು ಹೊಸ ಯಂತ್ರದಲ್ಲಿ ಸದ್ದಿಲ್ಲದೆ ಜಾರಿಕೊಂಡಿರುತ್ತವೆ. ಹಳೆಯದನ್ನು ನಿಲ್ಲಿಸುವಾಗ ಯಾವ ಪರೀಕ್ಷೆ ಗೆದ್ದರೆ ಮಾತ್ರ ಕೋಡ್ ಸೇರಿಸಬಹುದೆಂದು ಹೇಳುವ ಗಿಟ್‌ಹಬ್‌ನ ಬ್ರಾಂಚ್ ರಕ್ಷಣೆಯ ನಿಯಮದಿಂದಲೂ ಅದರ ಹೆಸರು ತೆಗೆಯಿರಿ. ಇಲ್ಲದಿದ್ದರೆ ಎಂದೂ ಬಾರದ ಫಲಿತಾಂಶಕ್ಕಾಗಿ ಪುಲ್ ರಿಕ್ವೆಸ್ಟ್‌ಗಳೆಲ್ಲ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ಕಾಯುತ್ತಲೇ ಇರುತ್ತವೆ.

ಇನ್ನು ಪಾಸ್‌ವರ್ಡ್, ಟೋಕನ್‌ನಂಥ ಗುಪ್ತ ಕೀಲಿಗಳು. ಟ್ರಾವಿಸ್ ಅವುಗಳನ್ನು ಆಯಾ ರೆಪೊದ ಸಾರ್ವಜನಿಕ ಕೀಲಿಯಿಂದ ಗೂಢಲಿಪಿ ಮಾಡಿ ಕಡತದಲ್ಲೇ ಇಡಲು ಬಿಡುತ್ತಿತ್ತು. ಬಿಡಿಸುವ ಕೀಲಿ ಇದ್ದದ್ದು ಟ್ರಾವಿಸ್ ಬಳಿ, ಆದ್ದರಿಂದ ಆ ಸಾಲನ್ನು ನಕಲು ಮಾಡಿ ಪ್ರಯೋಜನವಿಲ್ಲ. ಮೂಲ ಕೀಲಿ ಯಾರ ಬಳಿಯಾದರೂ ಇದ್ದರೂ ಹೊಸ ಟೋಕನ್ ಪಡೆದು ಹಳೆಯದನ್ನು ರದ್ದು ಮಾಡುವುದೇ ಸರಿ. ಏಕೆಂದರೆ 2021ರ ಸೆಪ್ಟೆಂಬರ್‌ನಲ್ಲಿ ಟ್ರಾವಿಸ್‌ನ ಒಂದು ದೋಷದಿಂದ, ಸಾರ್ವಜನಿಕ ರೆಪೊಗಳ ಗುಪ್ತ ಕೀಲಿಗಳು ಹೊರಗಿನವರ ಫೋರ್ಕ್‌ನಿಂದ (ರೆಪೊದ ಅವರದೇ ಪ್ರತಿಯಿಂದ) ಬಂದ ಪುಲ್ ರಿಕ್ವೆಸ್ಟ್‌ಗಳ ಬಿಲ್ಡ್‌ಗೂ ಸಿಗುವಂತಾಗಿತ್ತು. ಟ್ರಾವಿಸ್‌ಗೆ ಕೊಟ್ಟಿದ್ದ ಗಿಟ್‌ಹಬ್ ಅನುಮತಿಯನ್ನೂ ಅದನ್ನು ನಿಲ್ಲಿಸಿದ ದಿನವೇ ಹಿಂಪಡೆಯಿರಿ.