ಇಂಗ್ಲಿಷ್ ಪದ ಬಾಯಿಪಾಠ ಮಾಡಿದರೂ ಬೇಕಾದಾಗ ಯಾಕೆ ಬರುವುದಿಲ್ಲ?

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ಬಿ.ಎ. ಓದುತ್ತಿದ್ದೇನೆ. ದಿನಾ ಹತ್ತು ಇಂಗ್ಲಿಷ್ ಪದ, ಅವುಗಳ ಕನ್ನಡ ಅರ್ಥ ಬರೆದು ಉರು ಹೊಡೆಯುತ್ತೇನೆ. ವಾರ ಕಳೆದರೆ ಒಂದೂ ಬಾಯಿಗೆ ಬರಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ನೋಟ್‌ಬುಕ್ಕಿನಲ್ಲಿ ‘ಇನ್‌ಸೆಸೆಂಟ್ – ಎಡೆಬಿಡದ’ ಅಂತ ಒಂದು ಸಾಲು ಇದೆ ಅಂದುಕೊಳ್ಳಿ. ತಪ್ಪೇನಿಲ್ಲ. ಆದರೆ ಅದನ್ನೇ ನಂಬಿ ಅಮ್ಮನ ಪ್ರೀತಿಗೆ ‘ಇನ್‌ಸೆಸೆಂಟ್ ಲವ್’ ಅಂತ ಬರೆದರೆ ಆ ಪ್ರೀತಿಯೇ ಕಾಟ ಅನ್ನುವ ಹಾಗೆ ಕೇಳಿಸುತ್ತದೆ. ಇಂಗ್ಲಿಷ್-ಇಂಗ್ಲಿಷ್ ಡಿಕ್ಷನರಿ ತೆಗೆದು ನೋಡಿ. ನಿಲ್ಲದೇ ಇರುವುದು, ಅದೂ ಸಾಮಾನ್ಯವಾಗಿ ಬೇಸರ ತರಿಸುವ ಹಾಗೆ, ಅನ್ನುವ ವಿವರಣೆ ಸಿಗುತ್ತದೆ. ಆ ಬೇಸರವನ್ನು ನಾವು ಬರೆದುಕೊಳ್ಳುವುದೇ ಇಲ್ಲ, ಅಲ್ವಾ?

ಈಗ ಆಗುಂಬೆ ಕಡೆಯ ಜುಲೈ ತಿಂಗಳು ನೆನಪು ಮಾಡಿಕೊಳ್ಳಿ. ಅಡಿಕೆಗೆ ಕೊಳೆ ರೋಗ ಶುರುವಾಗಿದೆ. ಅದಕ್ಕೆ ಬೋರ್ಡೋ ಔಷಧಿ ಹೊಡೆಯಬೇಕು. ಒಂದು ಹೊತ್ತೂ ಮಳೆ ನಿಂತು ಹೊಳವಾಗುತ್ತಿಲ್ಲ. ಆ ಮಳೆ ಇನ್‌ಸೆಸೆಂಟ್. ನಡುನಡುವೆ ಹೊಳವಾಗಿ ಮತ್ತೆ ಮತ್ತೆ ಹೊಯ್ದರೆ ಕಂಟಿನ್ಯುಅಲ್. ಬಿಡುವಿಲ್ಲ ಅಂತಷ್ಟೇ ಹೇಳಬೇಕು, ಬೇಸರದ ಮಾತಿಲ್ಲ ಅಂದರೆ ಕಂಟಿನ್ಯುಅಸ್. ಮೂರಕ್ಕೂ ‘ನಿರಂತರ’ ಅಂತ ಬರೆದುಕೊಂಡರೆ ಈ ವ್ಯತ್ಯಾಸ ಎಲ್ಲಿ ಉಳಿಯಿತು?

ಪದವನ್ನು ಬಿಡಿಸಿಯೂ ನೋಡಿ. ಲ್ಯಾಟಿನ್ ಮೂಲದಲ್ಲಿ ‘ಇನ್’ ಅಂದರೆ ಇಲ್ಲ, ಉಳಿದ ಭಾಗಕ್ಕೆ ನಿಲ್ಲಿಸು ಅನ್ನುವ ಅರ್ಥ. ಪೇಪರಿನಲ್ಲಿ ಓದುವ ಸೀಸ್‌ಫೈರ್, ಅಂದರೆ ಕದನವಿರಾಮ, ಇದರ ನೆಂಟ.

ವಿವರಣೆಯ ಇಂಗ್ಲಿಷ್ ಕಷ್ಟ ಅಂತ ಹೆದರಬೇಡಿ. ಕಲಿಯುವವರಿಗೆಂದೇ ಮಾಡಿದ ಡಿಕ್ಷನರಿ ಕೊಳ್ಳಿ. 1978ರಲ್ಲಿ ಬಂದ ಲಾಂಗ್‌ಮನ್ ಡಿಕ್ಷನರಿ ಸುಮಾರು 2,000 ಸರಳ ಪದಗಳನ್ನು ಆರಿಸಿಕೊಂಡು, ಅವುಗಳಲ್ಲೇ ಬಾಕಿ ಪದಗಳನ್ನು ವಿವರಿಸಿತು. ಅಷ್ಟು ಇಂಗ್ಲಿಷ್ ನಿಮಗೆ ಬರುತ್ತದೆ. ಕನ್ನಡ ಅರ್ಥ ಬೇಡ ಅಂತಲ್ಲ, ಅದನ್ನು ಆಮೇಲೆ ಬರೆದುಕೊಳ್ಳಿ.

ಇನ್ನು ಮರೆವು. ಹರ್ಮನ್ ಎಬ್ಬಿಂಗ್‌ಹಾಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಉರು ಹೊಡೆದದ್ದು ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ ಮರೆತುಹೋಗುತ್ತದೆ. ಹಾಗಾಗಿ ಒಂದೇ ಕೂರಿಕೆಯಲ್ಲಿ ಇಪ್ಪತ್ತು ಸಲ ಓದುವ ಬದಲು, ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ವಿವರಣೆ ಮುಚ್ಚಿಟ್ಟು ನಿಮ್ಮದೇ ಮಾತಿನಲ್ಲಿ ಹೇಳಿ ನೋಡಿ. ಸುಮ್ನೆ ಕಣ್ಣಾಡಿಸಿದರೆ ಸಾಲದು. ದಿನಕ್ಕೆ ಹತ್ತು ಪದ ತುಂಬಾ ಆಯಿತು, ಮೂರು ಸಾಕು.

ಒಂದೊಂದಕ್ಕೂ ನಿಮ್ಮೂರಿನದೇ ಒಂದು ವಾಕ್ಯ ಇರಲಿ. ಇವತ್ತು ಇನ್‌ಸೆಸೆಂಟ್‌ಗೆ ಬರೆಯಿರಿ. ಮಳೆಯನ್ನು ನಾನು ಬಳಸಿಬಿಟ್ಟೆ. ನಿಮಗೆ ಶಿವಮೊಗ್ಗ ಬಸ್ಸಿನ ಹಾರ್ನ್ ಇದೆ.