ಪಾಯಿಂಟೇ ಇಲ್ಲದ ರೇಸಿಗೆ ದುಡ್ಡು ಕೊಟ್ಟು ಹೋಗಬೇಕೆ?

ಪ್ರಶ್ನೆ: ಅಮೆರಿಕಕ್ಕೆ ಬಂದು ಎರಡು ವರ್ಷವಾಯಿತು. ಮೇ ತಿಂಗಳಲ್ಲಿ ನಾಸ್ಕಾರ್ ಎಂಬ ಇಲ್ಲಿನ ಕಾರು ರೇಸಿನ ಆಲ್‌ಸ್ಟಾರ್ ಪಂದ್ಯಕ್ಕೆ ಹೋಗೋಣ ಎಂದು ಆಫೀಸಿನ ಗೆಳೆಯರು ಕರೆಯುತ್ತಿದ್ದಾರೆ. ಆ ರೇಸಿಗೆ ಚಾಂಪಿಯನ್‌ಷಿಪ್ ಪಾಯಿಂಟೇ ಇಲ್ಲವಂತೆ. ಮತ್ತೆ ಅಲ್ಲಿ ನೋಡುವುದೇನು? ಒಂದು ವಾರ ತಡೆದು ಶಾರ್ಲೆಟ್‌ನ ಕೋಕಾ-ಕೋಲಾ 600 ಎಂಬ ರೇಸಿಗೇ ಹೋಗಬಾರದೇ?

ಉತ್ತರ: ಹೋಗಿ. ಪಾಯಿಂಟ್ ಇಲ್ಲ ಅಂತಲೇ ಹೋಗಿ. ಮಾಮೂಲಿ ರೇಸಿನಲ್ಲಿ ಐದನೇ ಸ್ಥಾನದಲ್ಲಿರುವ ಚಾಲಕನ ತಲೆಯಲ್ಲಿ ಲೆಕ್ಕ ಓಡುತ್ತಿರುತ್ತದೆ: ಮುಂದಿನವನ ಮೇಲೆ ನುಗ್ಗಲು ಹೋಗಿ ಗೋಡೆಗೆ ಬಡಿದರೆ ತಿಂಗಳುಗಟ್ಟಲೆ ಕೂಡಿಟ್ಟ ಪಾಯಿಂಟು ನೀರುಪಾಲು. ಹಾಗಾಗಿ ಕೈ ಬಿಗಿಹಿಡಿಯುತ್ತಾನೆ. ಆಲ್‌ಸ್ಟಾರ್‌ನಲ್ಲಿ ಬಿಗಿಹಿಡಿದು ಆಗಬೇಕಾದ್ದು ಏನೂ ಇಲ್ಲ. ಗೆದ್ದವನಿಗೆ 10 ಲಕ್ಷ ಡಾಲರ್. ಎರಡನೆಯವನು ಯಾರೆಂದು ಮರುದಿನ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ.

1992ರಲ್ಲಿ ಶಾರ್ಲೆಟ್ ಟ್ರ್ಯಾಕಿನಲ್ಲಿ ಮೊದಲ ಸಲ ದೀಪದ ಬೆಳಕಲ್ಲಿ ಈ ರೇಸು ನಡೆದಾಗ ಆದದ್ದನ್ನು ಹಳಬರು ಇಂದಿಗೂ ಹೇಳುತ್ತಾರೆ. ಕೊನೆಯ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್ ಕಾರು ತಿರುಗಿಹೋಯಿತು. ಕೈಲ್ ಪೆಟ್ಟಿ, ಡೇವಿ ಆಲಿಸನ್ ಇಬ್ಬರೂ ಪಕ್ಕಪಕ್ಕದಲ್ಲೇ ಗೆರೆಯತ್ತ ನುಗ್ಗಿದರು. ಕೂದಲೆಳೆಯಲ್ಲಿ ಗೆದ್ದದ್ದು ಆಲಿಸನ್. ಆದರೆ ಗೆರೆ ದಾಟಿದ ಮರುಕ್ಷಣವೇ ಕಾರುಗಳು ತಾಗಿ, ಗೆದ್ದ ಕಾರು ಗೋಡೆಗೆ ಅಪ್ಪಳಿಸಿತು. ಗೆಲುವಿನ ರಾತ್ರಿಯನ್ನು ಅವರು ಕಳೆದದ್ದು ಆಸ್ಪತ್ರೆಯಲ್ಲಿ. ಪಾಯಿಂಟಿನ ಲೆಕ್ಕವಿದ್ದಿದ್ದರೆ ಇಬ್ಬರಲ್ಲಿ ಒಬ್ಬರಾದರೂ ಕಾಲು ಹಿಂದೆ ತೆಗೆಯುತ್ತಿದ್ದರೇನೋ.

ಇನ್ನು ಈ ರೇಸಿಗೆ ಯಾರು ಬೇಕಾದರೂ ಬರುವಂತಿರಲಿಲ್ಲ. 1985ರಲ್ಲಿ ಶುರುವಾದಾಗ ಹಿಂದಿನ ವರ್ಷ ಗೆದ್ದವರಿಗೆ ಮಾತ್ರ ಕರೆ ಇತ್ತು. ಆಮೇಲೆ ಹಳೆಯ ಚಾಂಪಿಯನ್ನರು, ಹಿಂದೆ ಆಲ್‌ಸ್ಟಾರ್ ಗೆದ್ದವರು ಸೇರಿಕೊಂಡರು. ಕರೆ ಸಿಗದವರಿಗೆ ಓಪನ್ ಎಂಬ ಚಿಕ್ಕ ರೇಸು. ಅದರಲ್ಲಿ ಮೊದಲಿಬ್ಬರು ಒಳಗೆ. ಮೇಲೊಬ್ಬರನ್ನು ಅಭಿಮಾನಿಗಳು ಓಟು ಹಾಕಿ ಕಳಿಸುತ್ತಿದ್ದರು. 2023ರಿಂದ 2025ರವರೆಗೆ ಮೂರು ವರ್ಷವೂ ಆ ಓಟು ಬಿದ್ದದ್ದು ನೋವಾ ಗ್ರಾಗ್ಸನ್‌ಗೆ. ಇವೆಲ್ಲ 2025ರವರೆಗಿನ ಮಾತು. ನಿಯಮ ವರ್ಷವರ್ಷಕ್ಕೂ ಬದಲಾಗುವುದರಿಂದ ಟಿಕೆಟ್ ಕೊಳ್ಳುವಾಗ ಆ ವರ್ಷದ್ದನ್ನು ಒಮ್ಮೆ ಓದಿಕೊಳ್ಳಿ. ಓಪನ್ ಇದ್ದರೆ ತಪ್ಪಿಸಬೇಡಿ. ಹಸಿದವರು ಓಡಿಸುವ ರೇಸು ಅದು.

ನಿಯಮದ ಜೊತೆ ಆಟವಾಡುವುದು ಕೆಲವೊಮ್ಮೆ ಅತಿಯಾಗುವುದೂ ಉಂಟು. 2025ರಲ್ಲಿ ಅಪಘಾತವೇ ಇಲ್ಲದಿದ್ದರೂ ಆಯೋಜಕರು ತಮಗೆ ಬೇಕೆನಿಸಿದಾಗ ಒಮ್ಮೆ ಹಳದಿ ಬಾವುಟ ಬೀಸಬಹುದು ಎಂದರು. ಅದು ಬೀಸಿದರೆ ಎಲ್ಲರೂ ನಿಧಾನವಾಗಿ ಒಟ್ಟುಗೂಡಬೇಕು, ಮುಂದಿದ್ದವನು ಗಳಿಸಿದ ಅಂತರ ಅಳಿಸಿಹೋಗುತ್ತದೆ. ಬೀಸಿದರು. ಅಲ್ಲಿಯವರೆಗೆ ಮುಂದಿದ್ದ ಜೋಯಿ ಲೊಗಾನೊ ಸೋತರು, ಕ್ರಿಸ್ಟೋಫರ್ ಬೆಲ್ ಗೆದ್ದರು. ಲೊಗಾನೊಗೆ ಸಿಟ್ಟು ಬಂದದ್ದು ನನಗಂತೂ ಸಹಜ ಅನ್ನಿಸಿತು.

ರೇಸಿಗೆ ಖಾಯಂ ಮನೆಯೂ ಇಲ್ಲ. ಬಹುಕಾಲ ಶಾರ್ಲೆಟ್‌ನಲ್ಲೇ ಇತ್ತು. 2020ರಲ್ಲಿ ಬ್ರಿಸ್ಟಲ್, ಆಮೇಲೆ ಎರಡು ವರ್ಷ ಟೆಕ್ಸಸ್, 2023ರಿಂದ ಮೂರು ವರ್ಷ ನಾರ್ತ್ ವಿಲ್ಕ್ಸ್‌ಬೊರೊ. 2026ಕ್ಕೆ ಗೊತ್ತಾದದ್ದು ಡೆಲವೇರ್‌ನ ಡೋವರ್. ಇವುಗಳಲ್ಲಿ ನನಗೆ ಮೆಚ್ಚುಗೆಯದು ವಿಲ್ಕ್ಸ್‌ಬೊರೊ. ಸುತ್ತಲಿನ ವಿಲ್ಕ್ಸ್ ಕೌಂಟಿ ಒಂದು ಕಾಲಕ್ಕೆ ಕಳ್ಳಭಟ್ಟಿಗೆ ಹೆಸರುವಾಸಿ. ಸಾರಾಯಿ ತುಂಬಿದ ಕಾರಿನಲ್ಲಿ ರಾತ್ರಿ ಪೊಲೀಸರ ಕಣ್ಣು ತಪ್ಪಿಸುತ್ತಿದ್ದ ಹುಡುಗರೇ ಹಗಲು ಟ್ರ್ಯಾಕಿಗಿಳಿದರು. ಅವರಲ್ಲಿ ದೊಡ್ಡ ಹೆಸರು ಜೂನಿಯರ್ ಜಾನ್ಸನ್. ಭಟ್ಟಿ ಕೇಸಿನಲ್ಲಿ ಜೈಲು ಕಂಡಿದ್ದ ಅವರಿಗೆ 1986ರಲ್ಲಿ ಅಧ್ಯಕ್ಷ ರೇಗನ್ ಕ್ಷಮಾದಾನ ಕೊಟ್ಟರು. 1996ರ ನಂತರ ಕಪ್ (ನಾಸ್ಕಾರ್‌ನ ಅತಿ ದೊಡ್ಡ ಸರಣಿ) ರೇಸಿಲ್ಲದೆ ಹಾಳುಬಿದ್ದಿದ್ದ ಟ್ರ್ಯಾಕಿಗೆ ಕಪ್ ಕಾರುಗಳು ಮರಳಿದ್ದು ಆಲ್‌ಸ್ಟಾರ್‌ನಿಂದ.

ಒಂದು ಸುತ್ತು ಅಲ್ಲಿ ಸುಮಾರು ಒಂದು ಕಿಲೋಮೀಟರ್, ಇಪ್ಪತ್ತು ಸೆಕೆಂಡಿನೊಳಗೆ ಮುಗಿಯುತ್ತದೆ. ಟ್ರ್ಯಾಕಿನ ನಡುವಿನ ಅಂಗಳದಿಂದ ಹೊರಗೆ ಹೋಗಲು ಸುರಂಗವಿಲ್ಲ. 2024ರಲ್ಲಿ ಕೈಲ್ ಬುಶ್ ತಾಗಿಸಿ ಎರಡನೇ ಸುತ್ತಿನಲ್ಲೇ ಕಾರು ಕಳೆದುಕೊಂಡ ರಿಕಿ ಸ್ಟೆನ್‌ಹೌಸ್, ರೇಸು ಮುಗಿಯುವವರೆಗೂ ಒಳಗೇ ಕುದಿಯುತ್ತ ಕಾದರು. ಬುಶ್ ಕಾರಿಳಿದು ಬಂದ ಮೇಲೆ ಗುದ್ದಿದರು. ದಂಡ 75,000 ಡಾಲರ್.

ಕೂರುವುದೆಲ್ಲಿ? ಮೇಲಿನ ಸಾಲುಗಳಲ್ಲಿ. ಬೇಲಿಯ ಹತ್ತಿರ ಕೂತರೆ ಒಂದು ಗರ್ಜನೆ, ಒಂದು ಬಣ್ಣದ ಗೆರೆ, ಮುಖಕ್ಕೆ ಟೈರಿನ ಚೂರು, ಅಷ್ಟೇ. ಮೇಲಿಂದ ಇಡೀ ಟ್ರ್ಯಾಕು ಕಾಣುತ್ತದೆ, ಯಾರು ಯಾರಿಗೆ ಹೊಂಚುಹಾಕಿದ್ದಾರೆ ಎಂಬುದೂ ಕಾಣುತ್ತದೆ. ಕಿವಿಗೆ ರಕ್ಷಣೆ ಇಲ್ಲದೆ ಹೋಗಲೇಬೇಡಿ. ಸುಮಾರು 5.8 ಲೀಟರಿನ ವಿ-8 ಎಂಜಿನ್‌ಗಳು ಇಪ್ಪತ್ತಕ್ಕೂ ಮೇಲೆ ಒಟ್ಟಿಗೆ ಕೂಗುತ್ತವೆ. ಮಕ್ಕಳಿದ್ದರೆ ಕಿವಿಮುಚ್ಚುವ ಹೆಡ್‌ಸೆಟ್ಟೇ ಬೇಕು. ಅದರ ಜೊತೆ ರೇಡಿಯೋ ಸ್ಕ್ಯಾನರ್ ಬಾಡಿಗೆಗೆ ತೆಗೆದುಕೊಂಡರೆ ಚಾಲಕ ಮತ್ತು ಅವನ ತಂಡದವರು ಆಡುವ ಮಾತು ನೇರ ಕೇಳಿಸುತ್ತದೆ. ಹೊಸಬರಿಗೆ ರೇಸು ಅರ್ಥವಾಗುವುದು ಅಲ್ಲಿಯೇ: ಟೈರು ಸವೆಯಿತು, ಹಿಂದಿನ ಚಕ್ರ ಜಾರುತ್ತಿದೆ, ಅವನನ್ನು ಬಿಡಬೇಡ, ಜೊತೆಗೆ ಧಾರಾಳ ಬೈಗುಳ.

ಬುತ್ತಿಯ ಚಿಂತೆ ಬೇಡ. ನಾಸ್ಕಾರ್ ಟ್ರ್ಯಾಕುಗಳಲ್ಲಿ ಸಾಮಾನ್ಯವಾಗಿ ಮೆತ್ತನೆಯ ಸಣ್ಣ ಕೂಲರ್ ಒಳಗೆ ಬಿಡುತ್ತಾರೆ. ಗಾಜಿನ ಬಾಟಲಿ ಬಿಡುವುದಿಲ್ಲ. ಪುಳಿಯೋಗರೆ ಕಟ್ಟಿಕೊಂಡು ಹೋಗಿ.

ಕೋಕಾ-ಕೋಲಾ 600 ಅಂದಿರಿ. ಅದೂ ಒಳ್ಳೆಯದೇ, ಆದರೆ ಅದು 400 ಸುತ್ತು, ಸುಮಾರು 965 ಕಿಲೋಮೀಟರ್, ಸಂಜೆ ಶುರುವಾಗಿ ರಾತ್ರಿಯವರೆಗೆ. 2025ರ ಆಲ್‌ಸ್ಟಾರ್ 250 ಸುತ್ತಿಗೆ, ಹೆಚ್ಚುಕಡಿಮೆ 250 ಕಿಲೋಮೀಟರಿಗೆ ಮುಗಿದಿತ್ತು. ಮೊದಲ ಸಲ ಹೋಗುವವರಿಗೆ ಅಷ್ಟು ಸಾಕು. 600 ಮುಂದಿನ ವರ್ಷಕ್ಕಿರಲಿ.